ಗೂಡು ಬಿಡಿಸಿಕೊಂಡು ಹೋಗೋಣ ಅಂದೆ

ಮೊದಲು ಗೊತ್ತಾಗಿದ್ದು ಲಂಗದ ಲಾಡಿಯಿಂದ. ದಿನಾ ಕಟ್ಟುವ ಗಂಟಿಗೆ ಲಾಡಿ ಸಾಲುತ್ತಿರಲಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿ ಬರುತ್ತಿತ್ತು. ಕೈಕಾಲು ಮಾತ್ರ ಸಣ್ಣಗಾಗುತ್ತಿದ್ದವು. ಐವತ್ತೆರಡು ವರ್ಷ, ಮುಟ್ಟು ನಿಂತಿದೆ, ಗ್ಯಾಸು ಇರಬೇಕು ಅಂದುಕೊಂಡೆ. ಜೀರಿಗೆ ಕಷಾಯ ಕುಡಿದೆ. ಓಮದ ನೀರು ಕುಡಿದೆ. ನನ್ನ ಹೊಟ್ಟೆಗೆ ನಾನೇ ಡಾಕ್ಟರು.

ಆಗ ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡಲು ಮಂಕಾಗಿ ಕೂರುವುದಕ್ಕೆ ನಮ್ಮ ಅಕ್ಕೂರಿನ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಮುಗಿದ ಮೇಲೆ ಅವು ಬಕಾಸುರನ ಹಾಗೆ ಸೊಪ್ಪು ತಿನ್ನುತ್ತವೆ. ಆ ಏಳೆಂಟು ದಿನ ನಾವು ಎಲ್ಲೂ ಹೋಗುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದೂ ಇಲ್ಲ. ಯಾರ ಕಾಲಿಗೆ ಅಂಟಿಕೊಂಡು ಯಾವ ರೋಗ ಬರುತ್ತದೋ ಎಂದು ಬಾಗಿಲಿಗೆ ಸುಣ್ಣದ ಪುಡಿ ಚೆಲ್ಲಿರುತ್ತೇವೆ. ನೆಂಟರು ಬಂದರೂ ಜಗಲಿಯಿಂದಲೇ ಮಾತಾಡಿಸಿಕೊಂಡು ಹೋಗಬೇಕು. ಹುಳುವನ್ನು ಅಷ್ಟು ಕಾದವಳು ನಾನು.

ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಸ್ಕ್ಯಾನಿಂಗ್ ಮಾಡಿ, ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ಬಾಟಲಿ ತುಂಬಿತು, ಇನ್ನೊಂದು ಇಟ್ಟರು, ಅದೂ ತುಂಬಿತು. ನನ್ನೊಳಗೆ ಇಷ್ಟೊಂದು ನೀರಿತ್ತೇ ಎಂದು ಬೆಪ್ಪಾಗಿ ನೋಡುತ್ತಿದ್ದೆ. ಅಲ್ಲಿನ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: "ನೀರು ತೆಗೆದಿದ್ದು ಟ್ರೀಟ್‌ಮೆಂಟ್ ಅಲ್ಲಮ್ಮ. ಯಾಕೆ ತುಂಬ್ತು ಅಂತ ಗೊತ್ತಾಗಬೇಕು. ಟೆಸ್ಟಿಗೆ ಕಳಿಸಿದೀನಿ, ವಾರ ಬಿಟ್ಟು ಬನ್ನಿ."

ಆದರೆ ಹೊಟ್ಟೆ ಇಳಿದಿತ್ತು. ಹಗುರಾಗಿತ್ತು. ಆ ರಾತ್ರಿ ಒಂದು ಪೂರ್ತಿ ಮುದ್ದೆ ಉಂಡೆ.

"ಸದ್ಯ, ವಾಸಿಯಾಯ್ತು ಬುಡು" ಅಂದರು ನಮ್ಮ ಯಜಮಾನರು. ನಾನೂ ಹಾಗೇ ನಂಬಿದೆ. ಮೂರನೇ ದಿನ ಮತ್ತೆ ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ತಂದು ಹೊಸ ಬೆಳೆಗೆ ಕೂತೆವು.

ನರ್ಸಿಂಗ್ ಹೋಮಿನಿಂದ ಎರಡು ಸಲ ಫೋನ್ ಬಂತು. ಎತ್ತಿದ್ದು ಯಜಮಾನರು. "ರಿಪೋರ್ಟ್ ಬಂದೈತಂತೆ, ಬರಬೇಕಂತೆ" ಎಂದು ನನ್ನ ಮುಖ ನೋಡಿದರು. ನಾನು ಸೊಪ್ಪು ಹಾಕುತ್ತಿದ್ದೆ. "ಹುಳ ಬುಟ್ಟು ಎಲ್ಲಿಗೋಗದು? ಗೂಡು ಬುಡಿಸ್ಕಂಡು ಹೋಗಣ" ಅಂದೆ. ಅವರು ಫೋನಿನಲ್ಲಿ ಅದನ್ನೇ ಹೇಳಿದರು. ಲಾಡಿ ಮತ್ತೆ ಸಾಲದಾಗಿತ್ತು. ಅದನ್ನು ಅವರಿಗೆ ಹೇಳಿರಲಿಲ್ಲ.

ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ದಿನ ತಿಪ್ಪಸಂದ್ರದಿಂದ ಅಕ್ಕ ಬಂದಳು. ಜಗಲಿಯಲ್ಲೇ ನಿಂತು, ಬಾಗಿಲಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಅದು ಹೊಟ್ಟೆ? ತುಂಬು ಬಸುರಿ ಇದ್ದಂಗೆ ಕಾಣ್ತೀಯ."

"ಗ್ಯಾಸು ಕಣಕ್ಕ. ಒಳಕ್ಕೆ ಬರಬ್ಯಾಡ, ಹುಳ ಅವೆ."

ಅಕ್ಕ ಸುಣ್ಣ ದಾಟಿ ಒಳಗೆ ಬಂದಳು.

ಮೂವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ನನಗೆ ಕೋಪ ಬಂತು. ಅವಳು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಯಜಮಾನರ ಕಡೆ ತಿರುಗಿ, "ಹುಳ ಹೋದ್ರೆ ಇನ್ನೊಂದು ಬೆಳೆ ತೆಗೀಬೋದು ಕಣಪ್ಪ. ಇವತ್ತೇ ಕರ್ಕಂಡೋಗು" ಅಂದಳು. ಅರ್ಧ ಹುಳು ತಟ್ಟೆಯಲ್ಲೇ ಇರುವಾಗ ಹೊರಟೆವು.

ರಿಪೋರ್ಟ್ ಕೈಗೆ ಕೊಟ್ಟರು. ಹೊಟ್ಟೆಯ ನೀರಿನಲ್ಲಿ ಕ್ಯಾನ್ಸರ್ ಕಣಗಳಿದ್ದವು.

ಅದರ ಮೇಲಿನ ತಾರೀಖು ಹದಿನೈದು ದಿನ ಹಳೆಯದು.

ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆ. ಸಿ.ಟಿ., ರಕ್ತದ ಟೆಸ್ಟ್, ಬಯಾಪ್ಸಿ. ಅಂಡಾಶಯದಲ್ಲಿ ಶುರುವಾಗಿದೆ, ಮೂರನೇ ಸ್ಟೇಜ್ ಅಂದರು. ಅಂಡಾಶಯ ಎಲ್ಲಿದೆ ಎಂದೇ ನಾನು ಯೋಚಿಸಿದವಳಲ್ಲ. ಅಲ್ಲಿನ ಡಾಕ್ಟರಮ್ಮ ಕಾಗದದ ಮೇಲೆ ಒಂದು ಚೀಲ ಬರೆದರು. ಇದು ನಿಮ್ಮ ಹೊಟ್ಟೆ, ಇದರ ಒಳಗೋಡೆಗೆಲ್ಲ ಪೆರಿಟೋನಿಯಂ ಅಂತ ತೆಳ್ಳನೆಯ ಪೊರೆ ಇರುತ್ತೆ, ಕರುಳಿನ ಮೇಲೂ ಅದೇ ಹೊದ್ದುಕೊಂಡಿರುತ್ತೆ ಅಂದರು. ಅಂಡಾಶಯದಿಂದ ಉದುರಿದ ಕಣಗಳು ನೀರಿನಲ್ಲಿ ತೇಲಿಕೊಂಡು ಹೋಗಿ, ಕೂತಲ್ಲೆಲ್ಲ ಸಣ್ಣ ಸಣ್ಣ ಗಂಟಾಗುತ್ತವೆ. ಕರುಳಿನ ಮುಂದೆ ಜೋತಾಡುವ ಕೊಬ್ಬಿನ ಪರದೆಯಲ್ಲೂ ಗಂಟು ಕಟ್ಟಿದೆ.

ನನಗೆ ತಕ್ಷಣ ಅರ್ಥವಾಯಿತು, ಅರ್ಥವಾದದ್ದಕ್ಕೇ ಹೆದರಿಕೆಯೂ ಆಯಿತು. ಹುಳುಗಳಿಗೆ ಹಾಲುತೊಂಡೆ ಎಂಬ ರೋಗ ಬರುತ್ತದೆ. ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಆ ರಸ ಬಿದ್ದ ಸೊಪ್ಪು ತಿಂದ ಹುಳುಗಳಿಗೆಲ್ಲ ರೋಗ. ಊದಿದ ಹುಳುವನ್ನು ಕಂಡ ಕೂಡಲೇ ಆರಿಸಿ ತೆಗೆಯುತ್ತಿದ್ದವಳು ನಾನು. ಒಂದು ದಿನ ತಡ ಮಾಡಿದವಳಲ್ಲ.

ಮೊದಲು ಮೂರು ಕೀಮೋ, ಗಂಟುಗಳು ಕುಗ್ಗಿದರೆ ಆಪರೇಷನ್, ಆಮೇಲೆ ಮತ್ತೆ ಮೂರು ಕೀಮೋ ಎಂದು ಗೊತ್ತುಮಾಡಿದರು. ಮೂರು ವಾರಕ್ಕೊಂದು. ಮೊದಲನೆಯದಾದ ಮೇಲೆ ಕೂದಲು ದಿಂಬಿನ ಮೇಲೆ ಉಳಿಯಿತು. ಬಾಯೆಲ್ಲ ಹುಣ್ಣು. ಸಾರಿನ ವಾಸನೆಗೇ ವಾಂತಿ. ಬೆರಳ ತುದಿಗಳು ಜೋಮು ಹಿಡಿದು ರವಿಕೆಯ ಹುಕ್ಕು ಹಾಕಲಾಗುತ್ತಿರಲಿಲ್ಲ, ಅಕ್ಕ ಹಾಕುತ್ತಿದ್ದಳು. ಹುಕ್ಕು ಹಾಕುತ್ತಾ ಬೈಯುತ್ತಿದ್ದಳು. ಆ ಬೈಗುಳ ಕೇಳಿದರೆ ನನಗೊಂದು ಧೈರ್ಯ.

ಆಪರೇಷನ್ನಿಗೆ ಮುಂಚೆ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಗರ್ಭಕೋಶ, ಅಂಡಾಶಯ, ಕೊಬ್ಬಿನ ಪರದೆ ತೆಗೆಯುತ್ತೇವೆ, ಪೊರೆಯ ಮೇಲೆ ಕಣ್ಣಿಗೆ ಕಾಣುವ ಗಂಟನ್ನೆಲ್ಲ ತೆಗೆಯುತ್ತೇವೆ. ಕಾಣದೆ ಉಳಿದದ್ದಕ್ಕೆ ಬಿಸಿ ಮಾಡಿದ ಕೀಮೋ ಔಷಧಿಯನ್ನು ಹೊಟ್ಟೆಯೊಳಗೇ ಒಂದೂವರೆ ಗಂಟೆ ಓಡಾಡಿಸುತ್ತೇವೆ, ಅದಕ್ಕೆ ಹೈಪೆಕ್ ಅನ್ನುತ್ತೇವೆ ಅಂದರು. "ಆದರೆ ಸಣ್ಣ ಕರುಳೆಲ್ಲ ಹಿಡಿದಿದ್ರೆ ಏನೂ ತೆಗೆಯೋಕಾಗಲ್ಲ. ಹಾಗೇ ಹೊಲಿದುಬಿಡ್ತೀವಿ."

ಹಾಗೇ ಹೊಲಿದುಬಿಡ್ತೀವಿ. ಥಿಯೇಟರಿಗೆ ಹೋಗುವವರೆಗೂ ಈ ಮಾತು ಕಿವಿಯಲ್ಲಿತ್ತು.

ಎಚ್ಚರವಾದಾಗ ಐಸಿಯು. ಮೂಗಿನಲ್ಲಿ ಒಂದು ಪೈಪು, ಹೊಟ್ಟೆಯ ಎರಡೂ ಪಕ್ಕ ಪೈಪು. ಎದೆಯ ಕೆಳಗಿನಿಂದ ಉದ್ದಕ್ಕೂ ಉರಿ. ಮಾತು ಹೊರಡಲಿಲ್ಲ. ನರ್ಸ್ ಬಗ್ಗಿ, "ಹತ್ತು ಗಂಟೆ ಮಾಡಿದ್ರು ಅಮ್ಮ. ಕಾಣೋದೆಲ್ಲ ತೆಗೆದಿದಾರೆ" ಅಂದಳು. ಅಷ್ಟು ನೋವಿನಲ್ಲೂ ನನಗೆ ಸಂತೋಷವಾಯಿತು. ಹನ್ನೆರಡು ದಿನ ಅಲ್ಲಿದ್ದೆ. ಒಂದು ಚಮಚ ಗಂಜಿ ಒಳಗಿಳಿದ ದಿನ ಯಜಮಾನರು ಊರಿಗೆಲ್ಲ ಫೋನ್ ಮಾಡಿದರು.

ಉಳಿದ ಕೀಮೋಗಳೂ ಮುಗಿದವು. ಹೋದ ವಾರ ಸ್ಕ್ಯಾನ್ ರಿಪೋರ್ಟ್ ನೋಡಲು ಹೋಗಿದ್ದೆವು. ಡಾಕ್ಟರಮ್ಮ ಗುಣವಾಯಿತು ಅನ್ನಲಿಲ್ಲ. "ಇವತ್ತಿಗೆ ಏನೂ ಕಾಣ್ತಿಲ್ಲ ಜಯಮ್ಮ. ಇದು ಮತ್ತೆ ಬರೋ ಕಾಯಿಲೆ. ಮೂರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ" ಅಂದರು. ಯಜಮಾನರನ್ನು ಔಷಧಿ ತರಲು ಕಳಿಸಿ, ನಾನು ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಕೇಳಿದೆ. ಆ ಬೆಳೆ ಬಿಟ್ಟು ಮೊದಲೇ ಬಂದಿದ್ದರೆ?

"ನೀರು ತುಂಬಿದಾಗಲೇ ಹರಡಿತ್ತಮ್ಮ. ಆಮೇಲೆ ಎಷ್ಟು ಹೆಚ್ಚಾಯ್ತು ಅಂತ ಹೇಳೋಕಾಗಲ್ಲ. ಏನೂ ಹೆಚ್ಚಾಗಲಿಲ್ಲ ಅಂತಲೂ ನಾನು ಹೇಳಲ್ಲ."

ಹೊರಗೆ ಬಂದೆ. ಯಜಮಾನರು ಔಷಧಿ ಚೀಲ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಒಂಬತ್ತು ತಿಂಗಳಲ್ಲಿ ಅರ್ಧ ಆಳಾಗಿದ್ದಾರೆ. ಪಕ್ಕದಲ್ಲಿ ಕೂತು ಹೇಳಿದೆ:

"ಕೇಳ್ದೆ ಕಣ್ರೀ. ನಾವು ತಡ ಮಾಡಿದ್ರಿಂದ ಏನೂ ಆಗ್ಲಿಲ್ವಂತೆ. ಮೊದ್ಲೇ ಬಂದಿದ್ರೂ ಇಷ್ಟೇ ಅಂತೆ."

ಅವರು ಔಷಧಿ ಚೀಲದ ಬಾಯಿ ಬಿಗಿಯಾಗಿ ಸುತ್ತಿದರು.

"ನಾನೂ ಕೇಳಿದ್ದೆ" ಅಂದರು. "ನಿನ್ನ ಆಪರೇಷನ್ ದಿನ. ಡಾಕ್ಟ್ರಮ್ಮ ಹಂಗನ್ಲಿಲ್ಲ. ನಿಂಗೆ ಗೊತ್ತಾಗದು ಬ್ಯಾಡ ಅಂತ ಬಾಯಿ ಬುಡ್ಲಿಲ್ಲ."

ನನಗೆ ಅಷ್ಟು ಜನರ ಮಧ್ಯೆ ಅಳು ಬಂತು. ಅವರು ಔಷಧಿ ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡು, ಈಚೆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.