ಮೂರನೆಯ ಹೆಸರು

ಕಾಕನ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಎಸಿಯ ಕಾಯಿಲುಗಳನ್ನು ಆಸಿಡ್ ಹಾಕಿ ತೊಳೆದೂ ತೊಳೆದೂ ಹತ್ತು ಬೆರಳುಗಳ ತುದಿಯೂ ಸವೆದು, ಬಳಸಿ ಮುಗಿದ ಸೋಪಿನ ಚೂರಿನಂತೆ ನುಣ್ಣಗಾಗಿದ್ದವು. ಸೌದಿಯ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಬೆರಳಚ್ಚಿನ ಯಂತ್ರದ ಮುಂದೆ ಅವರು ನಿಂತರೆಂದರೆ ಹಿಂದಿದ್ದವರು ಮೆಲ್ಲನೆ ಬೇರೆ ಸಾಲಿಗೆ ಜಾರುತ್ತಿದ್ದರು. ಅಧಿಕಾರಿ ಗಾಜು ಒರೆಸುವುದು, ಕಾಕ ಬೆರಳನ್ನು ಹಣೆಗೆ ಉಜ್ಜಿಕೊಂಡು ಒತ್ತುವುದು, ಯಂತ್ರ ಕೆಂಪು ದೀಪ ತೋರಿಸುವುದು, ಮತ್ತೆ ಒರೆಸುವುದು. "ನಾನು ನಾನೇ ಅಂತ ಅರಬಿಗೆ ನಂಬಿಸ್ಲಿಕ್ಕೆ ಅರ್ಧ ಗಂಟೆ ಬೇಕು ಮಾರಾಯ" ಎಂದು ನಗುತ್ತಿದ್ದರು.

ಅಲ್ಲೇ ಹತ್ತಿರದ ಥುಕ್ಬಾದ ಹಳೇ ಕಟ್ಟಡವೊಂದರ ಎರಡನೇ ಮಹಡಿಯ ರೂಮಿನಲ್ಲಿ ನಾವು ಐದು ಜನ ಇದ್ದೆವು. ಬಾಡಿಗೆ ಕರಾರು ಕಾಕನ ಹೆಸರಿನಲ್ಲಿದ್ದದ್ದರಿಂದ ಅವರೇ ಯಜಮಾನರು. ನಾನು ಕಾರ್ಕಳದ ಕಡೆಯ ಕ್ಯಾಥೊಲಿಕ್, ಕಾಂಟ್ರಾಕ್ಟ್ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಅವರು ಬಂಟ್ವಾಳದ ಕಡೆಯ ಬ್ಯಾರಿ. ನಾನು ಆ ರೂಮಿಗೆ ಸೇರಿದ ವಾರವೇ ಜ್ವರ ಬಂದು ಮಲಗಿದ್ದಾಗ ಕುಚ್ಚಲಕ್ಕಿ ಗಂಜಿ ಮಾಡಿ, ಸುಟ್ಟ ಒಣಮೀನಿನ ಜೊತೆ ತಂದಿಟ್ಟು, "ಉಣ್ಣು. ನಿನ್ನ ಅಮ್ಮ ಇಲ್ಲಿಗೆ ಬರ್ಲಿಕ್ಕಿಲ್ಲ" ಎಂದಿದ್ದರು. ಆ ದಿನದಿಂದ ನಾನು ಅವರ ಮನುಷ್ಯ.

ಯಾರ ರೂಮಿಗೆ ಹೋದರೂ ಕಾಕ ಸಲಾಮ್ ಹೇಳುವ ಮೊದಲು ಎಸಿಯ ಸದ್ದಿಗೆ ಕಿವಿಗೊಡುತ್ತಿದ್ದರು. "ಇದಕ್ಕೆ ಕೆಮ್ಮು ಉಂಟು" ಎನ್ನುತ್ತಾ ಸ್ಕ್ರೂಡ್ರೈವರ್ ತೆಗೆದರೆ ಆತಿಥ್ಯದ ಚಹಾ ಅಲ್ಲೇ ಆರುತ್ತಿತ್ತು. ನಮ್ಮ ರೂಮಿನ ಎಸಿ ಮಾತ್ರ ವರ್ಷವಿಡೀ ನೀರು ಸೋರುತ್ತಿತ್ತು. ಕೇಳಿದರೆ, "ಮನೆಯ ದನಕ್ಕೆ ಅವಸರ ಎಂತಕ್ಕೆ?" ಎನ್ನುತ್ತಿದ್ದರು.

ಇಪ್ಪತ್ತರ ಹರೆಯದಲ್ಲಿ ಸೌದಿಗೆ ಬಂದ ಕಾಕ ಊರಿನಲ್ಲಿ ಒಮ್ಮೆಯೂ ಓಟು ಹಾಕಿದವರಲ್ಲ. ರಜೆ ಸಿಕ್ಕಾಗ ಚುನಾವಣೆ ಇರುತ್ತಿರಲಿಲ್ಲ, ಚುನಾವಣೆ ಬಂದಾಗ ರಜೆ ಸಿಗುತ್ತಿರಲಿಲ್ಲ. ಇರುವ ದೇಶದಲ್ಲಿ ನಮ್ಮಂಥವರಿಗೆ ಓಟಿನ ಪ್ರಶ್ನೆಯೇ ಇಲ್ಲ. ಅವರ ಪಾಲಿಗೆ ಉಳಿದದ್ದು ನಮ್ಮ ಕರಾವಳಿಯವರ ಸಂಘದ ಅಧ್ಯಕ್ಷರ ಚುನಾವಣೆ ಒಂದೇ. ಅದು ಎರಡು ವರ್ಷಕ್ಕೊಮ್ಮೆ ಯಾವುದೋ ಬಾಡಿಗೆ ತೋಟದಲ್ಲಿ, ಶುಕ್ರವಾರ ಬಿರಿಯಾನಿಯ ಜೊತೆ ನಡೆಯುತ್ತಿತ್ತು. ಸಂಸಾರ ಇದ್ದವರಿಗೆ ಮನೆಗೊಂದು ಓಟು, ನಮ್ಮಂಥ ಒಂಟಿಗಳಿಗೆ ರೂಮಿಗೊಂದು ಓಟು. ಐದು ತಲೆಗೆ ಒಂದು ಚೀಟಿ. ಇದು ಎಂಥ ನ್ಯಾಯ ಎಂದು ನಾನೊಮ್ಮೆ ಗೇಲಿ ಮಾಡಿದ್ದಕ್ಕೆ ಕಾಕ ಸಿಟ್ಟಾದರು. "ನಿನಗೆ ತಮಾಷೆ. ಶಾಯಿ ಕಾಣದ ಬೆರಳು ಇದು. ನನಗೆ ಇದು ಬಿಟ್ಟು ಬೇರೆ ಓಟು ಎಲ್ಲಿ ಉಂಟು?"

ಸಂಘ ಹುಟ್ಟಿ ಮೊದಲ ಚುನಾವಣೆ ನಡೆದದ್ದು ನಾನು ಬಂದ ವರ್ಷ. ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಒಬ್ಬ ಅಂಗಡಿ ಸಾಹುಕಾರ. ತನ್ನ ಕೆಲಸಗಾರರ ಪಾಸ್‌ಪೋರ್ಟುಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುವ ಆಸಾಮಿ. ಇನ್ನೊಬ್ಬ ದೊಡ್ಡ ಇಂಜಿನಿಯರ್. ವೇದಿಕೆ ಮೇಲೆ ಚಿನ್ನದಂಥ ಮಾತು, ಕಷ್ಟದಲ್ಲಿ ಫೋನ್ ಮಾಡಿದರೆ ಎತ್ತುವುದಿಲ್ಲ. ಇಬ್ಬರನ್ನೂ ಬೈಯದ ರೂಮಿರಲಿಲ್ಲ. ಬೈದವರೆಲ್ಲ ಕೊನೆಗೆ ಆ ಇಬ್ಬರಲ್ಲೇ ಒಬ್ಬರಿಗೆ ಹಾಕುವವರು. ಕಾಕ ಮಾತ್ರ ಟ್ರೈಲರ್ ಓಡಿಸುವ ಒಬ್ಬ ಡ್ರೈವರನ್ನು ಹಿಡಿದು ನಿಲ್ಲಿಸಿದರು. ಇಲ್ಲಿ ಸತ್ತವರ ಕಾಗದಪತ್ರಕ್ಕೆ ಓಡಾಡಿ ಹೆಣಗಳನ್ನು ಊರಿಗೆ ಮುಟ್ಟಿಸುವ, ಮಾತು ಬಾರದ ಮನುಷ್ಯ. "ಸತ್ತವರ ಕೆಲಸ ಮಾಡುವವ ಬದುಕಿದವರದ್ದೂ ಮಾಡ್ತಾನೆ" ಎಂದು ಕಾಕ ರೂಮು ರೂಮಿಗೆ ಹೋಗಿ ಹೇಳಿದರು. ಡ್ರೈವರಿಗೆ ಹನ್ನೊಂದು ಓಟು ಬಿತ್ತು. ಸಾಹುಕಾರ ಆರು ಓಟಿನಿಂದ ಗೆದ್ದ. ಆ ಹನ್ನೊಂದು ಇಂಜಿನಿಯರಿಗೆ ಬಿದ್ದಿದ್ದರೆ ಎಂದು ಲೆಕ್ಕ ಹಾಕಿದವರೆಲ್ಲ ಕಾಕನನ್ನು ಶಪಿಸಿದರು.

ಆ ಶಾಪ ನಮ್ಮ ರೂಮಿಗೇ ತಟ್ಟಿತು. ನಮ್ಮ ಜೊತೆ ಕುಂದಾಪುರದ ಕಡೆಯ ಒಬ್ಬ ಪೇಂಟರಣ್ಣ ಇದ್ದರು. ಸಂಬಳ ಕೇಳಿದ್ದಕ್ಕೆ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಇವನು ಓಡಿಹೋದ ಎಂದು ಸರ್ಕಾರಕ್ಕೆ ಬರೆದುಬಿಟ್ಟ. ಅದಕ್ಕೆ ಹುರೂಬ್ ಎನ್ನುತ್ತಾರೆ. ಅದು ಬಿತ್ತೆಂದರೆ ಕೆಲಸ ಮಾಡುವಂತಿಲ್ಲ, ಊರಿಗೂ ಹೋಗುವಂತಿಲ್ಲ, ಬೀದಿಯಲ್ಲಿ ಪೊಲೀಸ್ ಕಂಡರೆ ಗೋಡೆಗೆ ಅಂಟಿಕೊಳ್ಳಬೇಕು. ಸಂಘದ ಅಧ್ಯಕ್ಷ ಹೋಗಿ ಕೂತು ಮಾತಾಡಿದರೆ ಕಫೀಲ್‌ಗಳು ದೂರು ಹಿಂದೆಗೆದುಕೊಂಡದ್ದು ಉಂಟು. ಆದರೆ ಸಾಹುಕಾರನ ಅಂಗಡಿ ಇದ್ದದ್ದು ಅದೇ ಕಫೀಲ್‌ನ ಕಟ್ಟಡದಲ್ಲಿ. ಅವನು ಬಾಯಿ ಬಿಡಲಿಲ್ಲ. ಕಾಕ ಆ ಕಫೀಲ್‌ನ ಮನೆಗೆ ತಾವೇ ಹೋಗಿ, ನಾಲ್ಕು ಎಸಿ ಪುಕ್ಕಟೆ ತೊಳೆದು ಕೇಳಿಕೊಂಡರು. "ಬುಕ್ರಾ" ಎಂದನಂತೆ. ನಾಳೆ. ಆ ನಾಳೆಗೆ ಒಂದು ವರ್ಷ ಆಯಿತು.

ಅಷ್ಟರಲ್ಲಿ ಪೇಂಟರಣ್ಣನ ಮಗಳ ಮದುವೆ ನಿಶ್ಚಯವಾಯಿತು, ಸಂಘದ ಚುನಾವಣೆಯೂ ಮತ್ತೆ ಬಂತು. ಅದೇ ಸಾಹುಕಾರ, ಅದೇ ಇಂಜಿನಿಯರ್, ಕಾಕನ ಒತ್ತಾಯಕ್ಕೆ ಅದೇ ಡ್ರೈವರ್. ಇಂಜಿನಿಯರ್ ನಮ್ಮ ರೂಮಿಗೇ ಬಂದು ಪೇಂಟರಣ್ಣನ ಹೆಗಲ ಮೇಲೆ ಕೈ ಇಟ್ಟು, "ನಾನು ಗೆದ್ದರೆ ಮೊದಲ ಕೆಲಸ ನಿಮ್ಮದೇ" ಎಂದ.

ಅವನು ಮೆಟ್ಟಿಲಿಳಿದ ಮೇಲೆ ಕಾಕ ಹೇಳಿದರು, "ಮೇಲಿನ ರೂಮಿನಲ್ಲೂ ಮೊದಲ ಕೆಲಸ ಅಂತ ಹೇಳಿದ್ದಾನೆ. ಆಚೆ ಬಿಲ್ಡಿಂಗಲ್ಲೂ ಹೇಳಿದ್ದಾನೆ. ಒಬ್ಬ ಮನುಷ್ಯನಿಗೆ ಮೊದಲ ಕೆಲಸ ಎಷ್ಟಿರ್ತದೆ?"

ಪೇಂಟರಣ್ಣ ಈರುಳ್ಳಿ ಹೆಚ್ಚುತ್ತಿದ್ದವರು ತಲೆ ಎತ್ತದೆ, "ಕಾಕ, ಈ ಸಲ ಒಂದು ಸಲ" ಎಂದರು.

ಕಾಕನ ಮುಖ ಸಣ್ಣದಾಯಿತು. "ಅವ ಕಫೀಲ್ ಹತ್ರ ಹೋಗುದಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿದ್ದೂ ಹಾಕಿದ್ರೆ ನಿನಗೆ ನಾನು ಸುಳ್ಳು ಹೇಳಿದ ಹಾಗೆ ಅಲ್ವಾ?" ಎಂದರು. ಆ ಹೊತ್ತು ಅವರು ಊಟ ಮಾಡಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಮುಳುಗುವವನಿಗೆ ಹುಲ್ಲುಕಡ್ಡಿಯನ್ನಾದರೂ ಕೊಡಬಾರದೇ?

ಚುನಾವಣೆಯ ದಿನ ಕಾಕನಿಗೆ ದೂರದ ಅಬ್ಕೈಕ್‌ನ ಎಣ್ಣೆ ಸ್ಥಾವರದಲ್ಲಿ ಶಟ್‌ಡೌನ್ ರಿಪೇರಿಯ ಕೆಲಸ ಬಿತ್ತು. ರೂಮಿನ ಓಟು ಹಾಕಲು ನನ್ನನ್ನು ಕಳಿಸಿದರು. ತೋಟದ ಗೇಟಿನಲ್ಲಿ ಚೀಟಿ ಕೊಟ್ಟರು. ಮೂರು ಹೆಸರು, ಎದುರಿಗೆ ಮೂರು ಖಾಲಿ ಚೌಕ. ಆಗಲೇ ಕಾಕನ ಫೋನ್ ಬಂತು. ಹಿಂದೆ ಯಂತ್ರಗಳ ಗದ್ದಲ. "ಮೂರನೆಯ ಹೆಸರು. ಮರೀಬೇಡ. ನನ್ನ ಕೈ ಅಂತ ತಿಳ್ಕೊಂಡು ಹಾಕು."

ಆಯ್ತು ಕಾಕ ಎಂದು ಫೋನ್ ಇಟ್ಟೆ. ಎರಡನೆಯ ಹೆಸರಿಗೆ, ಇಂಜಿನಿಯರಿಗೆ, ಗುರುತು ಹಾಕಿದೆ. ಚೀಟಿ ಮಡಚಿ, ಹಾಲಿನ ಪುಡಿಯ ರಟ್ಟಿನ ಪೆಟ್ಟಿಗೆಗೆ ಹಾಕಿ, ಹೋಗಿ ಬಿರಿಯಾನಿ ತಿಂದೆ. ಆ ಕ್ಷಣದಲ್ಲಿ ನಾನೊಬ್ಬ ಬಹಳ ದೊಡ್ಡ ಮನುಷ್ಯ ಎಂದು ನನಗೆ ಅನಿಸಿತ್ತು, ನಾಚಿಕೆ ಇಲ್ಲದೆ ಹೇಳುತ್ತೇನೆ.

ಇಂಜಿನಿಯರ್ ಹತ್ತೊಂಬತ್ತು ಓಟುಗಳಿಂದ ಗೆದ್ದ. ನಾನು ಹಾಕದಿದ್ದರೂ ಗೆಲ್ಲುತ್ತಿದ್ದ. ಡ್ರೈವರಿಗೆ ಬಿದ್ದದ್ದು ನಾಲ್ಕೇ ನಾಲ್ಕು.

ಮರುವಾರ ಇಂಜಿನಿಯರ್ ಬಂದು ಪೇಂಟರಣ್ಣನ ಜೊತೆ ಫೋಟೋ ತೆಗೆಸಿಕೊಂಡು ಹೋದ. ಆಮೇಲೆ, "ಪ್ರೊಸೀಜರ್ ಉಂಟು, ನೋಡುವಾ" ಎಂದ. ಆಮೇಲೆ ಫೋನ್ ಎತ್ತಲಿಲ್ಲ. ಮಗಳ ಮದುವೆಯ ದಿನ ಪೇಂಟರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಫೋನ್ ಒರಗಿಸಿ ಧಾರೆ ನೋಡಿದರು. ನಾವು ನಾಲ್ವರೂ ಹಿಂದೆ ನಿಂತಿದ್ದೆವು. ಅತ್ತ ಕಡೆ ಯಾರೋ "ಅಪ್ಪನಿಗೆ ತೋರ್ಸಿ" ಎಂದು ಫೋನನ್ನು ಮಗಳ ಮುಖದ ಹತ್ತಿರ ಹಿಡಿದರು. ನೆಟ್‌ವರ್ಕ್ ಕಡಿದುಹೋಯಿತು.

ಅಂದು ಕಾಕ ನನ್ನನ್ನು ಬಾಲ್ಕನಿಗೆ ಕರೆದು ಹೇಳಿದ ಮಾತು ನನಗೆ ಚುಚ್ಚಿದ ಮುಳ್ಳು. "ಅವನಿಗೆ ನಮ್ಮಿಂದ ಎಂತದೂ ಮಾಡ್ಲಿಕ್ಕೆ ಆಗ್ಲಿಲ್ಲ. ಆದ್ರೆ ಈ ಮೋಸದಲ್ಲಿ ನಮ್ಮ ಕೈ ಇಲ್ಲ. ಆ ನಾಲ್ಕರಲ್ಲಿ ಒಂದು ನಮ್ಮದು. ಅದೊಂದು ಸಮಾಧಾನ ಅಲ್ವಾ ಮಾರಾಯ?"

ಹೌದು ಕಾಕ ಎಂದೆ.

ಪೇಂಟರಣ್ಣ ಮರುವರ್ಷ ಸೌದಿ ಸರ್ಕಾರ ಹುರೂಬ್‌ನವರಿಗೆ ಕೊಟ್ಟ ಸಾಮೂಹಿಕ ಮಾಫಿಯಲ್ಲಿ ಊರಿಗೆ ಹೋದರು. ಅದಕ್ಕೆ ಯಾವ ಅಧ್ಯಕ್ಷನೂ ಬೇಕಾಗಲಿಲ್ಲ. ಕಾಕನೂ ಮೊಣಕಾಲು ಸೋತು, ಕೆಲಸ ಬಿಟ್ಟು ಊರಿಗೆ ಮರಳುವ ಫೈನಲ್ ಎಕ್ಸಿಟ್ ಹಾಕಿಸಿಕೊಂಡರು. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋಗಿದ್ದೆ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಅವರು ಟ್ಯಾಕ್ಸಿಯ ಎಸಿಗೆ ಕಿವಿಗೊಟ್ಟು ಕೂತಿದ್ದರು. ಅವರ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿಕೊಟ್ಟು ಹಿಂದಿರುಗಿ ಬಂದೆ.

ಊರಿಗೆ ಹೋದ ಮೇಲೆ ಚುನಾವಣೆ ಬಂತು. ಕಾಕ ಬೆಳಿಗ್ಗೆಯೇ ಮಿಂದು, ಅತ್ತರು ಹಚ್ಚಿ ಮತಗಟ್ಟೆಗೆ ಹೋದರಂತೆ. ಪಟ್ಟಿಯಲ್ಲಿ ಹೆಸರು ಇರಲಿಲ್ಲ. ವರ್ಷಗಟ್ಟಲೆ ಕಾಣದವರ ಹೆಸರನ್ನು ಯಾವಾಗಲೋ ತೆಗೆದಿದ್ದರು. ಅಲ್ಲಿಂದಲೇ ನನಗೆ ಫೋನ್ ಮಾಡಿದರು.

"ಹೆಸರೇ ಇಲ್ಲ ಮಾರಾಯ. ಇಲ್ಲಿ ಬೆರಳು ಸಹ ಕೇಳ್ಲಿಲ್ಲ." ಆಮೇಲೆ ಅವರೇ ನನ್ನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು. "ಹೋಗ್ಲಿ ಬಿಡು. ಥುಕ್ಬಾದಲ್ಲಿ ಎರಡು ಓಟು ಹಾಕಿದ್ದೇನೆ ಅಲ್ವಾ? ಗೆಲ್ಲದಿದ್ರೆ ಎಂತ, ಎರಡೂ ನಂದೇ."

ಎರಡು ತಿಂಗಳ ನಂತರ ಕಾಕ ತೀರಿಕೊಂಡರು. ಸುದ್ದಿ ಬಂದಾಗ ನಾನು ಸ್ಟೋರಿನಲ್ಲಿದ್ದೆ. ಕೈಯಲ್ಲಿದ್ದ ಪೆನ್ನನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಆ ಎರಡರಲ್ಲಿ ಅವರದ್ದು ಒಂದೇ ಒಂದು ಓಟು. ಇನ್ನೊಂದನ್ನು ನಾನು ತಿಂದಿದ್ದೇನೆ.