ಬಂದೂಕು ಹೊತ್ತವರು ಬಗ್ಗಬಾರದು

ಮೊನ್ನೆ ಶನಿವಾರ ಇಲ್ಲಿ ಗಲ್ಫಿನ ಕರಾಮ ಪೇಟೆಯಿಂದ ಸಾಮಾನು ತರುವಾಗ ಇವರು, ಅಂದರೆ ನನ್ನ ಗಂಡ, ನನ್ನ ಮುಂದೆ ನಡೆಯುತ್ತಿದ್ದರು. ಚೀಲ ಭಾರವಾಯಿತೆಂದು ಎಡ ಹೆಗಲಿಗೇರಿಸಿ, ಎದೆಯ ಹತ್ತಿರ ಪಟ್ಟಿಯ ಅಡಿಗೆ ಹೆಬ್ಬೆರಳು ತೂರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ರೋ ಕಡೆಗೆ ಹೋಗುವ ಗತ್ತನ್ನು ನೀವು ನೋಡಬೇಕಿತ್ತು. ಒಳಗಿದ್ದದ್ದು ಕುಚ್ಚಲಕ್ಕಿ, ನೀರುಳ್ಳಿ ಮತ್ತು ಒಂದು ಕಟ್ಟು ಬಸಳೆ. ಮೊದಲೆಲ್ಲ ಬಲ ಹೆಗಲಿಗೆ ಹಾಕುತ್ತಿದ್ದರು. ಈಗ ಆ ತೋಳು ಮೇಲಕ್ಕೆ ಬರುವುದಿಲ್ಲ. ಮಗಳಿಗೆ ಈ ನಡಿಗೆ ಕಂಡರೆ ನಗು. "ಪಪ್ಪಾ ಲುಕ್ಸ್ ಲೈಕ್ ಅ ವಾಚ್‌ಮ್ಯಾನ್" ಅನ್ನುತ್ತಾಳೆ. ನನಗೆ ನಗು ಬರುವುದಿಲ್ಲ. ಹಾಗೆ ಬೆನ್ನು ನೆಟ್ಟಗೆ ಹಿಡಿದು ನಡೆಯಲು ಇವರು ಕಲಿತದ್ದು ನಮ್ಮ ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ, ನನ್ನ ಕಣ್ಣೆದುರು. ಹಾಗೆ ಕಲಿತದ್ದರಿಂದಲೇ ಒಂದು ಕೆಟ್ಟ ಮಾತು ಇವರ ಹೆಸರಿಗೆ ಅಂಟಿಕೊಂಡಿತು.

ಇವರು ಇಲ್ಲಿಂದ ದೂರದ ಬನಿಯಾಸಿನ ಒಂದು ಅರಬಿ ಮನೆಯಲ್ಲಿ ಡ್ರೈವರ್. ನಾನು ಇಲ್ಲಿನ ಶಾಲೆಯಲ್ಲಿ ಟೀಚರ್. ವಾರವಿಡೀ ಅವರು ಅಲ್ಲಿ, ನಾನು ಇಲ್ಲಿ. ರಜೆಯಲ್ಲಿ ಮಾತ್ರ ಸಂಸಾರ. ಇದಕ್ಕೆ ಜನ ಗಲ್ಫ್ ಜೀವನ ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಯಜಮಾನರನ್ನು ಇಲ್ಲಿ ಅರಬಾಬ್ ಅನ್ನುತ್ತೇವೆ. ಇವರ ಅರಬಾಬ್ ವಯಸ್ಸಾದವರು, ಒಳ್ಳೆಯ ಮನುಷ್ಯ, ಒಂದೇ ಒಂದು ಹುಚ್ಚು. ಇಲ್ಲಿನ ಸೆಕೆ ಇಳಿಯುವುದಕ್ಕೆ ಮೊದಲೇ ಸ್ಕಾಟ್ಲೆಂಡಿಗೆ ಹೋಗಿ, ಅಲ್ಲಿನ ಗುಡ್ಡಗಳಲ್ಲಿ ದಿನವಿಡೀ ಸದ್ದಿಲ್ಲದೆ ಜಿಂಕೆಯ ಬೆನ್ನುಹತ್ತಿ ನಡೆಯುವುದು. ಒಂದು ವರ್ಷ ಡಾಕ್ಟರು, ಭಾರ ಹೊರಬಾರದು ಎಂದರು. ನಡೆಯುವುದು ಬಿಡಲಾರೆ, ಆದರೆ ನನ್ನ ಬಂದೂಕನ್ನು ಇವನಲ್ಲದೆ ಬೇರೆ ಯಾರೂ ಹೊರಕೂಡದು ಎಂದು ಅರಬಾಬ್ ಇವರನ್ನು ತೋರಿಸಿದರು. ನಂಬಿಕೆಯೇನೋ ದೊಡ್ಡದು. ಆದರೆ ಇವರು ಕೋಳಿ ಕೊಯ್ಯುವಾಗ ಅತ್ತ ತಿರುಗಿ ನಿಲ್ಲುವ ಜಾತಿ.

ಬನಿಯಾಸಿನ ಅಂಗಳದಲ್ಲಿ ಅರಬಾಬರೇ ಖಾಲಿ ಬಂದೂಕು ಕೊಟ್ಟು ಕಲಿಸಿದರಂತೆ. ಪಟ್ಟಿ ಅಗಲವಾಗಿರಬೇಕು, ಇಲ್ಲದಿದ್ದರೆ ಹೆಗಲು ಕೊರೆಯುತ್ತದೆ. ಹೆಬ್ಬೆರಳು ಪಟ್ಟಿಯ ಅಡಿಯಲ್ಲಿರಬೇಕು, ಆಗ ಜಾರುವುದಿಲ್ಲ. ನಳಿಗೆ ಆಕಾಶ ನೋಡಬೇಕು, ಇಲ್ಲವೇ ನೆಲ ನೋಡಬೇಕು, ಮನುಷ್ಯನನ್ನು ಮಾತ್ರ ನೋಡಬಾರದು. ಬಂದೂಕು ಖಾಲಿ ಎಂದು ಯಾರು ಹೇಳಿದರೂ ಹೆಗಲು ಅದನ್ನು ನಂಬಬಾರದು. ಇಷ್ಟು ಕೇಳಿ ಬಂದ ಇವರಿಗೆ ಊಟ ಸೇರಲಿಲ್ಲ. ಯಾರಿಗಾದರೂ ಏನಾದರೂ ಆದರೆ ಎಂಬ ಒಂದೇ ಚಿಂತೆ.

ಸರಿ, ಮನೆಯಲ್ಲೇ ಅಭ್ಯಾಸ ಮಾಡೋಣ ಎಂದೆ. ವ್ಯಾಕ್ಯೂಮ್ ಕ್ಲೀನರಿನ ಪೈಪಿಗೆ ನನ್ನ ಹಳೆಯ ಬ್ಯಾಗಿನ ಪಟ್ಟಿ ಕಟ್ಟಿದೆವು. ಅದೇ ಬಂದೂಕು. ನಾನು ದುಪಟ್ಟಾವನ್ನು ತಲೆಗೆ ಸುತ್ತಿ ಸೋಫಾದ ಮೇಲೆ ಅರಬಾಬ್ ಆಗಿ ಕೂತೆ. ಸುಳ್ಳು ಯಾಕೆ ಹೇಳಲಿ, ಆ ಪಾತ್ರ ನನಗೆ ಬಹಳ ಹಿಡಿಸಿತು. ನಡಿ ಎಂದೆ, ನಿಲ್ಲು ಎಂದೆ, ಚಾ ತಾ ಎಂದೆ. ಇವರು ಪೈಪು ಹೊತ್ತುಕೊಂಡೇ ಚಾ ತಂದು, ಸೊಂಟ ಬಗ್ಗಿಸಿ ಕೊಟ್ಟರು. ಪೈಪಿನ ತುದಿ ಹಿಂದಿನಿಂದ ಮುಂದಕ್ಕೆ ಬಾಗಿ ನನ್ನ ಹಣೆಗೆ ಠಕ್ಕೆಂದು ಬಡಿಯಿತು.

ನೋವಾದದ್ದು ನನಗೆ. ಬೆವರಿದವರು ಇವರು.

ನಮ್ಮ ಕಡೆಯ ಅಭ್ಯಾಸ ನಿಮಗೂ ಗೊತ್ತು. ಹಿರಿಯರ ಎದುರಿನಿಂದ ಹಾದುಹೋಗುವಾಗ ಸೊಂಟ ಬಗ್ಗಿಸಿ, ಬಲಗೈ ಮುಂದೆ ಚಾಚಿ, ಸದ್ದಿಲ್ಲದೆ ಸರಿಯುತ್ತೇವೆ. ಇವರಂತೂ ಆ ಮನೆಯಲ್ಲಿ ಬಗ್ಗಿ ಬಗ್ಗಿ, ಯಾರಾದರೂ ಸಲಾಂ ಹೇಳಿದರೆ ಸೊಂಟ ತಾನೇ ಮಡಚಿಕೊಳ್ಳುವಷ್ಟು ಪಳಗಿದವರು. ಬೆನ್ನಿಗೆ ಬಂದೂಕು ಇರುವಾಗ ಹಾಗೆ ಬಗ್ಗಿದರೆ, ಯಾರಿಗೆ ಮರ್ಯಾದೆ ಕೊಡುತ್ತೇವೋ ಅವರ ತಲೆಗೇ ನಳಿಗೆ ಗುರಿ ಹಿಡಿಯುತ್ತದೆ.

"ಇನ್ನು ಬಗ್ಗಬೇಡಿ. ಬೇಕಾದ್ರೆ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಇರ್ಲಿ" ಎಂದೆ.

"ಅರಬಾಬರ ಎದುರು ಕಂಬದ ಹಾಗೆ ನಿಂತ್ರೆ ಎಂತ ಎಣಿಸಿಯಾರು ಮಾರಾಯ್ತಿ?"

"ಎಂತ ಬೇಕಾದ್ರೂ ಎಣಿಸ್ಲಿ. ಬಗ್ಗಲೇಬೇಕಾದ್ರೆ ಮೊದ್ಲು ಅದನ್ನು ಕೆಳಗಿಡಿ, ಮತ್ತೆ ಬಗ್ಗಿ."

ಆ ರಜೆಯೆಲ್ಲ ಅದೇ ಪಾಠ. ನಾನು ಬೇಕೆಂದೇ ಕೈಯಲ್ಲಿದ್ದದ್ದನ್ನು ಬೀಳಿಸುವುದು. ಇವರು ಪೈಪನ್ನು ಇಳಿಸಿ, ತುದಿಯನ್ನು ನನ್ನಿಂದ ಆಚೆ ತಿರುಗಿಸಿ ಮಲಗಿಸಿ, ಆಮೇಲೆ ಹೆಕ್ಕುವುದು. ಪೈಪು ಇಳಿಸುವ ಮೊದಲೇ ಸೊಂಟ ಹೊರಟುಬಿಡುತ್ತಿತ್ತು. ಪಾಪ, ಕೊನೆಗೂ ಕಲಿತರು. ಶಾಲೆಯಲ್ಲಿ ಇಷ್ಟು ವಿಧೇಯ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ.

ಮುಂದಿನದ್ದು ಇವರು ಬಂದು ಹೇಳಿದ್ದು. ಗುಡ್ಡದಲ್ಲಿ ಅಲ್ಲಿಯ ಗೈಡ್ ಮುಂದೆ, ಅವನ ಹಿಂದೆ ಅರಬಾಬ್, ಅವರ ಹಿಂದೆ ಬಂದೂಕು ಹೊತ್ತ ಇವರು, ಎಲ್ಲರಿಗಿಂತ ಹಿಂದೆ ಅರಬಾಬರ ಮಗ. ಒಂದು ತೋಡು ದಾಟುವಾಗ ಅರಬಾಬ್ ಕಾಲು ಜಾರಿ ನೀರಿಗೆ ಬಿದ್ದರು. ಬಿದ್ದಲ್ಲಿಂದ ಕೈ ಚಾಚಿದ್ದು ಇವರ ಕಡೆಗೇ. ಬಗ್ಗಿ ಹಿಡಿಯುವುದೊಂದೇ ಬಾಕಿ. ಇವರು ಬಗ್ಗಲಿಲ್ಲ. ಪಕ್ಕಕ್ಕೆ ಸರಿದು, ಬಂದೂಕನ್ನು ಹೆಗಲಿಂದ ಇಳಿಸಿ, ನಳಿಗೆಯನ್ನು ಖಾಲಿ ಗುಡ್ಡದತ್ತ ತಿರುಗಿಸಿ ಹುಲ್ಲಿನ ಮೇಲೆ ಮಲಗಿಸಿ, ಆಮೇಲೆ ಓಡಿದರು. ಅಷ್ಟರಲ್ಲಿ ಮಗ ಹಿಂದಿನಿಂದ ಬಂದು ತಂದೆಯನ್ನು ಎತ್ತಿಯಾಗಿತ್ತು.

"ನನ್ನ ಅಪ್ಪ ನೀರಲ್ಲಿ ಬಿದ್ದಿದ್ದರು, ನೀನು ಬಂದೂಕಿಗೆ ಹಾಸಿಗೆ ಹಾಸುತ್ತಿದ್ದೆ" ಎಂದನಂತೆ ಮಗ, ಎಲ್ಲರ ಎದುರು. ಅರಬಾಬ್ ಆಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮತ್ತೆ ಚೇತರಿಸಿಕೊಂಡು ಇವರ ಭುಜ ತಟ್ಟಿದರು, ನಿಜ. ಆದರೆ ಮಗನಿಗೆ ಏನೂ ಹೇಳಲಿಲ್ಲ.

ಕೆಲಸ ಹೋಗಲಿಲ್ಲ, ಆ ಒಂದು ಮಾತು ಬಿಟ್ಟರೆ ಬೈಗಳೂ ಇಲ್ಲ. ಆದರೆ ಆ ಮಗ ಮತ್ತೆಂದೂ ಇವರ ಕಾರಿನಲ್ಲಿ ಕೂರಲಿಲ್ಲ, ಹೇಳಬೇಕಾದದ್ದನ್ನು ಅಡುಗೆಯವನ ಕೈಲಿ ಹೇಳಿಸುತ್ತಿದ್ದ. ಆ ಮನೆಯಲ್ಲಿ ಇವರೆಂದರೆ, ಯಜಮಾನ ಬಿದ್ದಾಗ ನಿಂತು ನೋಡಿದವ. ಇಡೀ ಆಯುಷ್ಯ ಬಗ್ಗಿದ ಮನುಷ್ಯ ಒಂದು ಸಲ ಬಗ್ಗದಿದ್ದಕ್ಕೆ ಈ ಬಿರುದು. ನನಗೆ ಮೈ ಉರಿಯುತ್ತಿತ್ತು. ಯಾಕೆ ಹಾಗೆ ಮಾಡಿದಿರಿ ಎಂದು ಬಿಡಿಸಿ ಹೇಳಬಾರದೇ ಎಂದು ಎಷ್ಟು ಸಲ ಜಗಳ ತೆಗೆದಿದ್ದೇನೋ.

"ಅಪ್ಪ ಬಿದ್ದದ್ದನ್ನು ನೋಡಿದ ಮಗನ ಹತ್ರ ನಳಿಗೆಯ ವಿಷಯ ಹೇಳ್ಲಿಕ್ಕೆ ಆಗ್ತದಾ?" ಅನ್ನುತ್ತಿದ್ದರು ಇವರು.

ಹೋದ ವರ್ಷ ಅರಬಾಬ್ ತೀರಿಕೊಂಡರು. ಇನ್ನು ಆ ಮಾತನ್ನು ಅಳಿಸುವವರು ಯಾರೂ ಇಲ್ಲ ಎಂದು ನಾನು ಆಸೆ ಬಿಟ್ಟೆ. ಮೊನ್ನೆ ಕರಾಮದಿಂದ ಬಂದು ಚೀಲ ಇಳಿಸುವಾಗ ಮಗನದ್ದೇ ಫೋನು, ನಾಳೆ ಬಾ ಎಂದು. ನೇರವಾಗಿ ಫೋನು ಮಾಡಿದ್ದು ಅದೇ ಮೊದಲು. ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಎಂದುಕೊಂಡೆವು ಇಬ್ಬರೂ.

ಭಾನುವಾರ ಸಂಜೆ ಇವರು ಬಂದು ಕುರ್ಚಿಯಲ್ಲಿ ಕುಸಿದರು. ಬಲತೋಳು ಏಳದ್ದಕ್ಕೆ ಅಂಗಿಯ ಕೈಯನ್ನು ನಾನೇ ಎಳೆದು ಬಿಡಿಸಬೇಕು.

"ಎಂತ ಹೇಳಿದ್ರು?"

"ಅವರ ಮಗಳಿಗೆ ಆ ಗುಡ್ಡಕ್ಕೆ ಹೋಗ್ಬೇಕಂತೆ, ಅಜ್ಜನ ಹಾಗೆ. ಬಂದೂಕು ಹೊತ್ತು ಅವಳ ಹಿಂದೆ ನಡೀಲಿಕ್ಕೆ ನಾನೇ ಬೇಕಂತೆ. ಅವಳು ಬಿದ್ರೂ ನೀನಾದ್ರೆ ಅದನ್ನು ಮೊದ್ಲು ಕೆಳಗಿಡ್ತಿ, ಅಂದ್ರು."

ಇಷ್ಟು ವರ್ಷ ಕಾದ ಮಾತು. ಕುಣಿಯಬೇಕಿತ್ತು ನಾನು. ನನ್ನ ಕಣ್ಣಿಗೆ ಕಂಡದ್ದು ಕೈಯಲ್ಲಿದ್ದ ಅಂಗಿ, ಮತ್ತು ಎದುರು ಒಂದು ಕಡೆಗೆ ಇಳಿದುಹೋದ ಆ ಹೆಗಲು. ಮರ್ಯಾದೆ ಬಂದೇ ಬಂತು, ಆದರೆ ಹೊರುವವನು ಮುಗಿದಿದ್ದಾನೆ. ಇನ್ನು ಇವರು ಯಾವ ಗುಡ್ಡವನ್ನೂ ಹತ್ತುವುದು ಬೇಡ ಅನ್ನಿಸಿತು.

"ನೀವೆಂತ ಹೇಳಿದ್ರಿ?"

"ಹೆಗಲು ಖಲಾಸ್ ಅಂದೆ."

"ನೆಟ್ಟಗೆ ನಿಂತು ಹೇಳಿದ್ರಾ?"

"ಇಲ್ಲ, ಬಗ್ಗಿಯೇ ಹೇಳಿದೆ. ಹೆಗಲಲ್ಲಿ ಎಂತದ್ದೂ ಇರ್ಲಿಲ್ಲ ಅಲ್ಲ" ಎಂದು ಇವರು ಕಣ್ಣು ಮುಚ್ಚಿಕೊಂಡರು.