ಮೈಕಿನ ಮಾವ ಮತ್ತು ಮಂಗನ ಇಂಜೆಕ್ಷನ್

ಬೆಳಿಗ್ಗೆ ಹತ್ತೂಕಾಲಿಗೆ ಕಲ್ಲುಗುಂಡಿ ಪೇಟೆಯಲ್ಲಿ ಮಂಗವೊಂದು ಮೈಕಿನ ಮಾವನ ಎಡಗೈಗೆ ಬಾಯಿ ಹಾಕಿತು. ಹೆಬ್ಬೆರಳಿನ ಬುಡದ ಮಾಂಸ ಬಾಯಿ ತೆರೆದ ಹಾಗೆ ಎರಡಾಯಿತು. ಮೈಕು ಆನ್ ಆಗಿತ್ತು. ಹಾಗಾಗಿ "ಸಂಘದ ಮಹಾಸಭೆಗೆ ಸರ್ವರಿಗೂ ಆದರದ ಸ್ವಾಗತ" ಎಂಬುದರ ಬೆನ್ನಿಗೇ "ಅಯ್ಯಯ್ಯೋ, ಬಿಡು, ಬಿಡು" ಎಂಬುದೂ ಇಡೀ ಪೇಟೆಗೆ ಕೇಳಿತು. ಅದೂ ಪ್ರಚಾರದ ಒಂದು ಭಾಗವೆಂದು ತಿಳಿದು ಪೇಟೆಯವರು ಸುಮ್ಮನಿದ್ದರು.

ಆ ಹಲ್ಲು ನಿಜವಾಗಿ ಹೊರಟದ್ದು ನನ್ನ ಆರು ವರ್ಷದ ಮಗಳ ಕೆನ್ನೆಗೆ. ಅವಳು ಹೋಟೆಲಿನ ಎದುರು ನಿಂತು ಬನ್ಸ್ ತಿನ್ನುತ್ತಿದ್ದಳು. ಶೀಟಿನ ಮಾಡಿನಿಂದ ಮಂಗ ಹಾರಿದ್ದನ್ನು ನಾನು ಕಂಡೆ. ಕಂಡೆ, ಅಷ್ಟೇ, ಕಾಲು ಏಳಲಿಲ್ಲ. ಪಕ್ಕದಲ್ಲಿ ನಿಲ್ಲಿಸಿದ್ದ ರಿಕ್ಷಾದಿಂದ ಮಾವ ಒಂದು ಕೈಯಲ್ಲಿ ಮೈಕು ಹಿಡಿದುಕೊಂಡೇ ಧುಮುಕಿ ಇನ್ನೊಂದು ಕೈಯನ್ನು ನಡುವೆ ಚಾಚಿದರು. ಈಗಲೂ ಕಣ್ಣು ಮುಚ್ಚಿದರೆ ಆ ಹಳದಿ ಹಲ್ಲು, ಅದರ ಹಿಂದೆ ಮಗಳ ಕೆನ್ನೆ.

ಮಾವ ಎಂದರೆ ಸಂಬಂಧದ ಮಾವ ಅಲ್ಲ, ನಮ್ಮ ಎದುರು ಮನೆಯವರು. ರಿಕ್ಷಾದ ತಲೆಗೆ ಎರಡು ಧ್ವನಿವರ್ಧಕ ಕಟ್ಟಿ ಸುಳ್ಯ, ಕಡಬ, ಪುತ್ತೂರು ಸುತ್ತಿ ಸುದ್ದಿ ಸಾರುವುದು ಅವರ ಉದ್ಯೋಗ. ಕಬಡ್ಡಿ ಪಂದ್ಯ, ಬಟ್ಟೆಯಂಗಡಿಯ ರಿಯಾಯಿತಿ, ಪೋಲಿಯೊ ಹನಿ, ದನಗಳ ಲಸಿಕೆ, ಎಲ್ಲಕ್ಕೂ ಒಂದೇ ಕಂಠ. ಮನೆಯಲ್ಲಿಯೂ ಅವರು "ಈ ಮೂಲಕ ತಿಳಿಯಪಡಿಸುದೇನೆಂದರೆ ಸಾಂಬಾರಿಗೆ ಉಪ್ಪು ಕಡಿಮೆ ಉಂಟು" ಎಂದೇ ಹೇಳುವವರು. ಅವರ ಹೆಂಡತಿ, ನಮ್ಮ ಪಾಲಿಗೆ ಅತ್ತೆ, ಒಳಗಿನಿಂದ "ಬಂಧುಗಳು ಸಹಕರಿಸಬೇಕು" ಎನ್ನುತ್ತಾರೆ. ಆದರೆ ಮಾವನಿಗೊಂದು ನಿಯಮ ಉಂಟು: ಖಚಿತವಾಗದ್ದನ್ನು ಮೈಕಿನಲ್ಲಿ ಹೇಳುವುದಿಲ್ಲ. ಒಮ್ಮೆ ನಾಟಕದವರು ಬರುವುದೇ ಸಂಶಯವಿದ್ದಾಗ "ಬಂದರೂ ಬರಬಹುದು" ಎಂದು ಸಾರಿ ಸಂಘಟಕರಿಂದ ಬೈಸಿಕೊಂಡವರು.

ಹೋಟೆಲಿನ ನಳ್ಳಿಯಡಿ ಸಾಬೂನು ಹಾಕಿ ಗಾಯವನ್ನು ತುಂಬ ಹೊತ್ತು ತೊಳೆದೆ. ಸುಳ್ಯಕ್ಕೆ ಹೋಗಿ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಮಾವನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಿಸ್ಟರ್ ಗಾಯ ನೋಡಿ, "ನಾಯಿ ಕಚ್ಚಿದ ಇಂಜೆಕ್ಷನ್ ಕೊಡ್ತೇವೆ, ಕೂತ್ಕೊಳ್ಳಿ" ಎಂದರು. ಅಲ್ಲಿಗೆ ಕೆಟ್ಟಿತು.

"ಕಚ್ಚಿದ್ದು ಮಂಗ ಸಿಸ್ಟರ್. ನಾಯಿದ್ದು ಬೇಡ, ಮಂಗನದ್ದು ಕೊಡಿ."

"ಮಂಗನದ್ದು ಅಂತ ಬೇರೆ ಇಲ್ಲ ಅಜ್ಜ. ಎಲ್ಲದಕ್ಕೂ ಇದೇ."

"ಟಿ.ವಿ.ಯಲ್ಲಿ ಬರ್ತಾ ಉಂಟಲ್ಲ, ಮಂಕಿಪಾಕ್ಸ್. ಅದರ ಲಸಿಕೆ?"

"ಅದು ಬೇರೆ ರೋಗ. ಹೆಸರಲ್ಲಿ ಮಾತ್ರ ಮಂಗ. ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೆ ಬರುದು. ಆ ಲಸಿಕೆ ಇಲ್ಲಿ ಇಲ್ಲ, ನಿಮಗೆ ಬೇಡವೂ ಬೇಡ."

"ಹಾಗಾದ್ರೆ ಮಂಗನ ಕಾಯಿಲೆದ್ದು?"

"ಅದು ಉಣ್ಣಿ ಕಚ್ಚಿ ಬರುದು."

ಮಾವ ನನ್ನ ಕಡೆ ತಿರುಗಿದರು. "ನೋಡು ಮಾರಾಯ್ತಿ. ಒಂದು ಮಂಗನ ರೋಗ ಮನುಷ್ಯರಿಂದ ಬರ್ತದೆ, ಇನ್ನೊಂದು ಉಣ್ಣಿಯಿಂದ. ಮಂಗವೇ ಕಚ್ಚಿದ್ರೆ ನಾಯಿ ಇಂಜೆಕ್ಷನ್. ಇದು ಎಂತ ಲೆಕ್ಕ? ತಪ್ಪು ಮದ್ದು ತಕ್ಕೊಂಡು ಸಾಯುದಕ್ಕಿಂತ ಸರಿಯಾದ್ದನ್ನು ಹುಡುಕುವ."

ಅವರು ಎದ್ದು ಹೊರಟೇಬಿಟ್ಟರು. ಕೈಗೆ ಬಟ್ಟೆ ಸುತ್ತಿಕೊಂಡೇ ರಿಕ್ಷಾವನ್ನು ಕಡಬದ ದಾರಿಗೆ ತಿರುಗಿಸಿದರು. ಹಿಂದೆ ಮೈಕಿನ ಬ್ಯಾಟರಿಯ ಪಕ್ಕ ಮುದುಡಿ ಕೂತು ನಾನು ಹೇಳುತ್ತಲೇ ಹೋದೆ: ರೇಬಿಸ್ ನಾಯಿಯ ರೋಗ ಮಾತ್ರವಲ್ಲ, ಮಂಗನಿಂದಲೂ ಬರಬಹುದು, ಲಕ್ಷಣ ಕಂಡಮೇಲೆ ಬದುಕಿಸುವ ಮದ್ದಿಲ್ಲ.

"ನೀನು ಬಿ.ಎಸ್ಸಿ. ಅಲ್ವಾ? ಎಂತದ್ರಲ್ಲಿ?"

"ಸಸ್ಯಶಾಸ್ತ್ರ."

"ಸರಿ. ಮರ ಕಚ್ಚಿದಾಗ ನಿನ್ನನ್ನು ಕೇಳ್ತೇನೆ."

ಅವರ ತರ್ಕ ಸರಳವಾಗಿತ್ತು. ಕೊಯಿಲದ ಕಡೆ ಒಬ್ಬರು ಪಶುವೈದ್ಯರಿದ್ದಾರೆ, ಅವರ ಲಸಿಕೆ ಶಿಬಿರವನ್ನು ತಾನೇ ಸಾರಿದ್ದೇನೆ, ಪ್ರಾಣಿಗಳ ಡಾಕ್ಟರ ಬಳಿ ಮಂಗನದ್ದು ಇಲ್ಲದಿದ್ದರೆ ಲೋಕದಲ್ಲೇ ಇಲ್ಲ. ದಾರಿಯುದ್ದಕ್ಕೂ ಊರು ಬಂದಲ್ಲೆಲ್ಲ ಮಹಾಸಭೆಯ ಸ್ವಾಗತವನ್ನೂ ಬಿಡಲಿಲ್ಲ. ಬಟ್ಟೆ ಕೆಂಪಾಗುತ್ತಿತ್ತು. ನನಗೆ ಅಳು ಬರುತ್ತಿತ್ತು, ಮೈಕು ಆನ್ ಇದ್ದುದರಿಂದ ಅಳುವ ಹಾಗೂ ಇರಲಿಲ್ಲ.

ಪಶುವೈದ್ಯರು ಅಂಗಳದಲ್ಲಿ ಒಂದು ಆಡಿನ ಗೊರಸು ನೋಡುತ್ತಿದ್ದರು. ಎಲ್ಲ ಕೇಳಿ ಕೈ ಒರೆಸಿಕೊಂಡರು.

"ನಾನು ಮಂಗಕ್ಕೆ ಬೇಕಾದ್ರೆ ಮದ್ದು ಕೊಡ್ತೇನೆ ಮಾರಾಯ್ರೆ. ಮಂಗ ಕಚ್ಚಿದವರಿಗೆ ಕೊಡ್ಲಿಕ್ಕಾಗುದಿಲ್ಲ. ಅದಿರಲಿ, ಆ ಮಂಗಕ್ಕೆ ಮೊದಲು ಯಾವುದಾದ್ರೂ ನಾಯಿ ಕಚ್ಚಿತ್ತಾ?"

"ಅದು ನನಗೆ ಹೇಗೆ ಗೊತ್ತು?"

"ಕಚ್ಚಲಿಲ್ಲ ಅಂತ ಖಚಿತ ಉಂಟಾ? ಉಂಟಾದ್ರೆ ನಿಮ್ಮ ಮೈಕಿನಲ್ಲಿ ಒಂದು ಸಲ ಹೇಳಿಬಿಡಿ. ನಾನೂ ಕೇಳ್ತೇನೆ, ಈ ಆಡೂ ಕೇಳ್ತದೆ. ಮತ್ತೆ ಸೀದಾ ಮನೆಗೆ ಹೋಗಿ."

ಮಾವ ಸವಾಲಿಗೆ ಹಿಂಜರಿಯುವವರಲ್ಲ. ಮೈಕು ತೆಗೆದರು. ಊದಿದರು. "ಮಹನೀಯರೇ, ಕಲ್ಲುಗುಂಡಿಯ ಮಂಗಕ್ಕೆ..." ಎಂದರು. ನಿಂತರು. "ಕಲ್ಲುಗುಂಡಿಯ ಮಂಗಕ್ಕೆ..." ಎಂದು ಇನ್ನೊಮ್ಮೆ ಶುರು ಮಾಡಿದರು. ಧ್ವನಿವರ್ಧಕ ಕುಂಯ್ ಎಂದಿತು. ಆಡು ತಲೆಯೆತ್ತಿ ಕಾಯಿತು.

ಮಾವ ಮೈಕು ಆಫ್ ಮಾಡಿದರು.

"ಪುತ್ತೂರು ಹತ್ತಿರ ಅಲ್ವಾ ಇಲ್ಲಿಂದ?" ಎಂದು ನನ್ನನ್ನು ಕೇಳಿದರು. ಉತ್ತರಕ್ಕೂ ಕಾಯದೆ ರಿಕ್ಷಾ ಸ್ಟಾರ್ಟ್ ಮಾಡಿದರು.

ಪುತ್ತೂರಿನ ಆಸ್ಪತ್ರೆಯಲ್ಲಿ ಲಸಿಕೆಯ ಜೊತೆಗೆ ಗಾಯದೊಳಗೂ ಸೂಜಿ ಹಾಕಿದರು. "ಇದಕ್ಕಿಂತ ಮಂಗವೇ ಪಾಪದ್ದು" ಎಂದು ಮಾವ ಹಲ್ಲು ಕಚ್ಚಿ ಹೇಳಿದರು. ಡಾಕ್ಟರು ಉಳಿದ ಡೋಸುಗಳ ದಿನ ತಿಳಿಸಿ, ಒಂದನ್ನೂ ತಪ್ಪಿಸಬೇಡಿ ಎಂದರು.

ಅವರು ತಪ್ಪಿಸಲಿಲ್ಲ. ನಿದ್ರೆ ತಪ್ಪಿದ್ದು ನನಗೆ. ರೇಬಿಸ್ ಬಂದವರು ನೀರಿಗೆ ಹೆದರುತ್ತಾರೆ ಎಂದು ಓದಿದ್ದೆ. ಆದ್ದರಿಂದ ದಿನಾ ಬೆಳಿಗ್ಗೆ ಏನೋ ನೆಪ ಮಾಡಿ ಎದುರು ಮನೆಗೆ ಹೋಗಿ, ಅವರು ನೀರು ಕುಡಿಯುವುದನ್ನು ನೋಡಿಯೇ ಬರುತ್ತಿದ್ದೆ. ನೆಪಗಳು ಮುಗಿದ ಮೇಲೆ ಸುಮ್ಮನೆ ಹೋಗಿ ನಿಲ್ಲತೊಡಗಿದೆ.

"ಇವಳೆದುರು ಕುಡಿದು ಕುಡಿದು ನನ್ನ ಹೊಟ್ಟೆ ಕೆರೆ ಆಯ್ತು" ಎಂದು ಅವರು ಅತ್ತೆಗೆ ದೂರು ಹೇಳಿದರು. ಒಂದು ದಿನ ಸ್ವರ ಬಿದ್ದುಹೋಗಿತ್ತು, ಲೋಟವನ್ನೂ ದೂರ ಸರಿಸಿದರು. ನಾನು ಅಲ್ಲೇ ಕುಸಿದು ಕೂತೆ. ನಿನ್ನೆ ಮೂರು ಊರು ಸಾರಿ ಗಂಟಲು ಹೋಗಿದೆ, ಈಗಷ್ಟೇ ಕಷಾಯ ಕುಡಿದದ್ದು ಎಂದು ಅತ್ತೆ ನನಗೇ ನೀರು ಕುಡಿಸಿದರು.

ಕೊನೆಯ ಡೋಸ್ ಮುಗಿಸಿ ಬಂದಾಗ ಡಾಕ್ಟರು "ಇನ್ನು ಹೆದರಿಕೆ ಬೇಡ" ಎಂದದ್ದನ್ನು ಮಾವನ ಬಾಯಿಂದ ಎರಡು ಸಲ ಹೇಳಿಸಿದೆ. ಖಚಿತವಾಗದ್ದನ್ನು ಅವರು ಹೇಳುವವರಲ್ಲ. ಆ ರಾತ್ರಿ ಮಲಗಿದವಳು ಎಚ್ಚರವಾಗುವಾಗ ಬಿಸಿಲು ಹಾಸಿಗೆಗೆ ಬಂದಿತ್ತು.

ಎದ್ದು ನೋಡಿದರೆ ಕರೆಂಟಿಲ್ಲ. ರಸ್ತೆಯಲ್ಲಿ ನಮ್ಮ ಸಾಲಿನ ಮನೆಯವರೆಲ್ಲ ಮಾವನನ್ನು ಸುತ್ತುವರಿದು ಜಗಳ ತೆಗೆದಿದ್ದರು. ಇಡೀ ದಿನ ಕರೆಂಟು ತೆಗೆಯುವ ವಿಷಯವನ್ನು ಬೆಳಿಗ್ಗೆ ಊರಿಗೆಲ್ಲ ಸಾರಿದ ಮನುಷ್ಯ, ನಮ್ಮ ಸಾಲಿಗೆ ಬಂದಾಗ ಮೈಕು ಆಫ್ ಮಾಡಿ, ಇಂಜಿನ್ನೂ ನಿಲ್ಲಿಸಿ, ರಿಕ್ಷಾವನ್ನು ತಳ್ಳಿಕೊಂಡು ದಾಟಿದ್ದರಂತೆ. ನೆನೆಸಿದ ಅಕ್ಕಿ ಅರೆಯದೆ ಹಾಗೇ ಉಳಿದಿದೆ ಎಂದು ಪಕ್ಕದ ಮನೆಯಾಕೆ ಕೂಗುತ್ತಿದ್ದರು.

ಮಾವ ಎಂದೂ ಮಾತಾಡದಷ್ಟು ತಗ್ಗಿದ ಸ್ವರದಲ್ಲಿ ಹೇಳಿದರು: "ಮೆಲ್ಲ ಮಾತಾಡಿ. ಅಕ್ಕಿ ನಾಳೆ ಅರೆದ್ರೆ ಆಗ್ತದೆ. ಇಷ್ಟು ದಿನ ನಿದ್ರೆ ಬಿಟ್ಟ ಆ ಹುಡುಗಿ ಇವತ್ತು ಮಲಗಿದ್ದಾಳೆ."